ಎರೆಯವ್ವನ ಮೊಣಕೈ

ಎಷ್ಟೋ ಕಾಲದ ಹಿಂದೆ ಒಂದೂರಿತ್ತು. ಊರ ಹೆಸರು ಹೇಳಲಾರೆ. ಹೇಳಿದರೆ ಅಲ್ಲಿಯವರು ಬಂದು ನನ್ನ ಕತೆ ತಿದ್ದುತ್ತಾರೆ. ಸುತ್ತ ಕಣ್ಣು ಹರಿದಷ್ಟೂ ಎರೆ ಭೂಮಿ, ಕಾಡಿಗೆಯಂಥ ಕರಿಮಣ್ಣು. ಆ ಊರಲ್ಲಿ ಕೊಂತೆವ್ವ ಎಂಬ ಮುದುಕಿ ಇದ್ದಳಂತೆ. ಬಾಣಂತಿಯರ ಮನೆಗೆ ಹೋಗಿ ಕೂಸುಗಳಿಗೆ ನೀರೆರೆಯುವುದು ಅವಳ ಕೆಲಸ. ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದಳು. ಆ ಮೊಣಕೈ ಎಂಥದಂದರೆ, ಅದ್ದಿದ್ದು ಯಾವ ಬಾವಿಯ ನೀರು, ಯಾವ ಗಿಡದ ಕಟ್ಟಿಗೆಯಿಂದ ಕಾಯಿಸಿದ್ದು ಎಂದೂ ಹೇಳುತ್ತಿದ್ದಳಂತೆ. ಸೇದಿದವಳು ಯಾರೆಂದೂ ಹೇಳುತ್ತಿದ್ದಳು ಅನ್ನುವವರಿದ್ದಾರೆ. ಅದು ಸುಳ್ಳು. ಉಳಿದದ್ದು ನಿಜ.

ಆ ಊರಲ್ಲೊಂದು ಪದ್ಧತಿ. ಮಳೆಗಾಲ ಕಳೆದ ಮೇಲೆ ಊರ ಯಜಮಾನ ಅಡಿವೆಪ್ಪಗೌಡ ಯಾವ ಮುಂಜಾನೆ ಚಳಿಗೆ ಕಂಬಳಿ ಹೊದೆಯುತ್ತಾನೋ, ಅದರ ಮರುದಿನ ಕಡಲೆ ಬಿತ್ತನೆ. ಅವನು ಕಟ್ಟೆ ಹತ್ತಿ "ಹೂಡ್ರೋ!" ಎಂದು ಕೂಗುವತನಕ ಯಾರೂ ಎತ್ತು ಕಟ್ಟಿ ಬಿತ್ತುವ ಕೂರಿಗೆ ಹೂಡುವಂತಿಲ್ಲ. ಗೌಡನದು ಚಳಿಯ ಮೈ. ಎರಡು ವರ್ಷ ಕಂಬಳಿ ಬೇಗ ಹೊರಬಂತು, ಎರಡು ವರ್ಷವೂ ಸಸಿ ಗೇಣುದ್ದವಾಗುವ ಮೊದಲೇ ಸೊರಗಿ ಸತ್ತವು. ಮೂರನೆಯ ವರ್ಷ ಊರಿಗೆಲ್ಲ ಉಳಿದದ್ದು ಒಂದು ಸಲ ಬಿತ್ತುವಷ್ಟು ಬೀಜ. ಅದೂ ಹೋದರೆ ಗಂಟುಮೂಟೆ ಕಟ್ಟುವುದೇ.

ಅಂಥ ವರ್ಷ ಬನ್ನಿ ಹಬ್ಬದ ಮಾರನೆಯ ದಿನವೇ ಗೌಡ ಕಂಬಳಿ ಹೊದ್ದು ಕಟ್ಟೆಗೆ ಬಂದು ಕೂತನಂತೆ. ಕೊಂತೆವ್ವ ಸೀದಾ ಹೊಲಕ್ಕೆ ಹೋದಳಂತೆ, ಗೇಣು ಆಳ ಬಗೆದು ಮೊಣಕೈ ಊರಿದಳಂತೆ, ಮಣ್ಣುಗೈಯಲ್ಲೇ ಕಟ್ಟೆಗೆ ಬಂದಳಂತೆ.

"ಗೌಡಾ, ಗಾಳಿಗೆ ಚಳಿ ಬಂದದ, ನೆಲಕ್ಕಿನ್ನೂ ಜ್ವರ ಇಳದಿಲ್ಲ. ತಡಿ."

"ಕೂಸಿಗೆ ಎರಿಯಾಕಿ ನೀ. ಎರಿ ಹೊಲದ ಉಸಾಬರಿ ನಿನಗ್ಯಾಕಬೇ?"

"ನಿನಗೂ ನಾನ ಎರದೀನಿ. ಆವಾಗೂ ಸುಮ್ಮಸುಮ್ಮನ ನಡಗತಿದ್ದಿ."

ಕಟ್ಟೆಯವರೆಲ್ಲ ನಕ್ಕುಬಿಟ್ಟರು. ಅದೇ ತಪ್ಪಾಯಿತು. ಗೌಡ ಹಟಕ್ಕೆ ಬಿದ್ದ. ನಾಳೆ ಬೆಳಗ್ಗೆ ಕೂಗಿಯೇ ಸೈ ಎಂದ.

ಅವತ್ತೇ ಗೌಡನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವುದಿತ್ತು. ಗೋಧಿ ಹುಗ್ಗಿ. ಗೌಡನ ಗಂಗಾಳಕ್ಕೆ ಬಡಿಸಿದವಳು ಕೊಂತೆವ್ವ. ಬೇಕೆಂದೇ ಬಡಿಸಿದಳು ಅನ್ನುತ್ತಾರೆ, ಬೇಕೆಂದಲ್ಲ ಅನ್ನುವವರೂ ಇದ್ದಾರೆ. ಅವರು ಅವಳ ಮೊಮ್ಮಕ್ಕಳು.

"ಆರೇತೇನು?"

"ಮುಟ್ಟಿ ನೋಡು."

ಮುಟ್ಟಿದ. ಮೇಲೆ ಕೆನೆಗಟ್ಟಿ ತಣ್ಣಗಿತ್ತು. ದೊಡ್ಡ ತುತ್ತು ಬಾಯಿಗಿಟ್ಟ. ಆ ಕೂಗು ಮೂರೂರಿಗೆ ಕೇಳಿತಂತೆ. ಆದರೆ ಅದು ಬರೀ "ಹೋ!" ಆಗಿದ್ದರಿಂದ ಯಾರೂ ಕೂರಿಗೆ ಹೂಡಲಿಲ್ಲ.

ಕೊಂತೆವ್ವ ತಣ್ಣೀರಿನ ತಂಬಿಗೆ ಕೊಡುತ್ತ ಅಂದಳಂತೆ: "ಮ್ಯಾಲಿನದು ಗಾಳಿ. ಒಳಗಿನದು ನಿನ್ನ ಹೊಲ."

ಗೌಡನ ನಾಲಿಗೆ ಬೊಬ್ಬೆ ಎದ್ದಿತು. ಒಂಬತ್ತು ದಿನ ಮಾತಿಲ್ಲ ಅನ್ನುತ್ತಾರೆ, ತಿಂಗಳು ಅನ್ನುತ್ತಾರೆ. ನಾನು ಹದಿನೈದಕ್ಕೆ ಒಪ್ಪಿದ್ದೇನೆ. ಕೂಗಿಲ್ಲದೆ ಬಿತ್ತನೆ ಇಲ್ಲ. ಸಿಟ್ಟಿಗೆ ಗೌಡ ತಾನೇ ಒಂದು ಬೊಗಸೆ ಬೀಜ ಒಯ್ದು ತನ್ನ ಹೊಲದಲ್ಲಿ ಊರಿ ಬಂದ. ಅರ್ಧ ಬಯಲಿಗೆ, ಅರ್ಧ ತೊಗರಿ ಸಾಲಿನ ನಡುವೆ.

ಹದಿನೈದನೆಯ ದಿನ ಹೋಗಿ ನೋಡಿದರೆ ಬಯಲಿನ ಸಸಿಗಳೆಲ್ಲ ಕತ್ತು ಚೆಲ್ಲಿವೆ. ತೊಗರಿ ನೆರಳಿನವು ಗಿಳಿಹಸಿರು. ಗೌಡ ಅತ್ತಿತ್ತ ನೋಡಿದ. ಯಾರೂ ಇಲ್ಲವೆಂದು ಗಟ್ಟಿಮಾಡಿಕೊಂಡು ತೋಳೇರಿಸಿ ತೊಗರಿ ಬುಡಕ್ಕೆ ಮೊಣಕೈ ಊರಿದ. ಒದ್ದೆ ಬಟ್ಟೆ ಮುಟ್ಟಿದಂತೆ ತಂಪು. ಬಯಲಿಗೆ ಬಂದು ಊರಿದ. ಮೈಮೇಲೆ ಅದೇ ತಣ್ಣನೆ ಗಾಳಿ, ಕೈಕೆಳಗೆ ಮಾತ್ರ ಇನ್ನೂ ಬೆಚ್ಚಗೆ. ಯಾರೂ ನೋಡದ ಈ ಸಂಗತಿ ಊರಿಗೆ ಹೇಗೆ ಗೊತ್ತಾಯಿತೆಂದು ನನ್ನನ್ನು ಕೇಳಬೇಡಿ.

ಆಮೇಲೆ ತಾನೇ ಕೊಂತೆವ್ವನ ಬಾಗಿಲಿಗೆ ಹೋದ. ಸುಟ್ಟ ನಾಲಿಗೆಗೆ ರಕಾರ ಹೊರಳುತ್ತಿರಲಿಲ್ಲ.

"ಯವ್ವಾ, ಒಂದೀಟು ನೋಡು ಬಾಲಬೇ."

ದಿನವೂ ಕರೆದೊಯ್ದ. ನಾಲ್ಕು ದಿನ ಅವಳು ತಲೆ ಅಲ್ಲಾಡಿಸಿದಳು. ಐದನೆಯ ದಿನ ಬಯಲಲ್ಲಿ ಊರಿದ ಮೊಣಕೈಯನ್ನು ಹಾಗೇ ಇಟ್ಟುಕೊಂಡು ಕಣ್ಣು ಮುಚ್ಚಿದಳಂತೆ. "ಈಗ ಕೂಸು ಮಲಗಿಸು" ಅಂದಳು.

ಗೌಡ ಕಟ್ಟೆ ಹತ್ತಿ ಕೂಗಿದ. ಇದ್ದ ಬೀಜವೆಲ್ಲ ನೆಲಕ್ಕೆ ಹೋಯಿತು. ಒಂದು ಸಸಿಯೂ ಸೊರಗಲಿಲ್ಲವಂತೆ. ಒಂದೆರಡು ಸೊರಗಿರಬಹುದು. ಯಾರೂ ಊರು ಬಿಡಲಿಲ್ಲ. ಕೊಂತೆವ್ವನಿಗೆ ಎರೆಯವ್ವ ಎಂದು ಹೆಸರು ಬಿದ್ದದ್ದು ಆಗಲೇ.

ಇವತ್ತಿಗೂ ಅಲ್ಲಿ ಕಂಬಳಿ ನೋಡಿ ಬಿತ್ತುವುದಿಲ್ಲ. ಮನೆಯ ಹಿರಿಯ ಹೆಂಗಸು ಹೊಲಕ್ಕೆ ಹೋಗಿ, ಮೊಣಕೈಗೆ ಮಣ್ಣು ಹತ್ತಿಸಿಕೊಂಡು, ಒರೆಸದೆ ಓಣಿಯಲ್ಲಿ ನಡೆದು ಬರಬೇಕು. ಅದನ್ನು ಕಂಡ ಮೇಲೆಯೇ ಕಟ್ಟೆಯಿಂದ ಕೂಗು. ಆ ಕೂಗು ಕೇಳಿದ ಪರವೂರಿನವರು ಇವರಿಗೆ ನಾಲಿಗೆ ಹೊರಳುವುದಿಲ್ಲವೆಂದು ನಗುತ್ತಾರೆ. ನಗಲಿ. ಊರಿಗೆ ಊರೇ ಇಂದಿಗೂ ಕೂಗುವುದು ಹಾಗೆಯೇ:

"ಹೂಡ್ಲೋ!"