ಸಾಂತವ್ವನ ಪುಡಿಯೂ ಹೊಳೆಗೌರಿಯ ಮಾತೂ

ಒಲೆಯ ಮೇಲೆ ಹಾಲಿಟ್ಟು ಬಂದವರಿದ್ದರೆ ಈಗಲೇ ಹೋಗಿ ಇಳಿಸಿ ಬನ್ನಿರವ್ವ. ಕಥೆ ಶುರುವಾದ ಮೇಲೆ ಯಾರೂ ಏಳುವಂತಿಲ್ಲ. ದೀಪಕ್ಕೆ ಇನ್ನೊಂದಿಷ್ಟು ಎಣ್ಣೆ ಹಾಕಿ. ಇದು ಹೆದರಿಸುವ ಕಥೆ, ಹೆದರಿಕೊಂಡೇ ಕೇಳಬೇಕು. ನಮ್ಮತ್ತೆಯವರು ನಮಗೆ ಹಾಗೆಯೇ ಹೇಳಿದರು, ನಾನೂ ಹಾಗೆಯೇ ಹೇಳುತ್ತೇನೆ. ಹೊಳೆಗೌರಿ ತಾಯಿಗೆ ಕೈ ಮುಗಿಯಿರಿ.

ಹೊಳೆಗಳಿಗೆ ಸೇತುವೆಯೇ ಇಲ್ಲದಿದ್ದ ಕಾಲದಲ್ಲಿ, ತುಂಗಭದ್ರೆಯ ದಡದ ಹಿರೇಕಡವು ಎಂಬ ಊರಿನಲ್ಲಿ ದ್ಯಾಮಣ್ಣನೆಂಬ ಅಂಬಿಗನಿದ್ದನು. ಅವನ ಹೆಂಡತಿ ಸಾಂತವ್ವ. ಆ ಕಡೆಯವರನ್ನು ಈ ಕಡೆಗೂ ಈ ಕಡೆಯವರನ್ನು ಆ ಕಡೆಗೂ ಹರಿಗೋಲಿನಲ್ಲಿ ದಾಟಿಸಿ, ಬಂದದ್ದರಲ್ಲಿ ಉಂಡುಕೊಂಡು ಇಬ್ಬರೂ ಸುಖವಾಗಿದ್ದರು. ಹೀಗಿರಲು ಒಂದು ಮಳೆಗಾಲದಲ್ಲಿ ನೆನೆದ ಮೈ ಬೆಚ್ಚಗಾಗಲೆಂದು ದ್ಯಾಮಣ್ಣ ಒಂದು ಗುಟುಕು ಹೆಂಡ ಕುಡಿದನು. ಮಳೆ ನಿಂತರೂ ಗುಟುಕು ನಿಲ್ಲಲಿಲ್ಲ. ಸಂಜೆಯ ಗುಟುಕು ಮಧ್ಯಾಹ್ನಕ್ಕೆ ಬಂತು, ಮಧ್ಯಾಹ್ನದ್ದು ಬೆಳಗಿಗೆ ಬಂತು, ಕೊನೆಗೆ ಕುಡಿಯದಿದ್ದರೆ ಹುಟ್ಟು ಹಿಡಿಯುವ ಕೈಯೇ ನಡುಗತೊಡಗಿತು. ಒಂದು ದಿನ ನಡುಹೊಳೆಯಲ್ಲಿ ಹರಿಗೋಲು ಮಗುಚಿ, ಕೂತಿದ್ದವರು ನೀರು ಕುಡಿದು, ಹೇಗೋ ಜೀವ ಉಳಿಸಿಕೊಂಡು ದಡ ಹತ್ತಿದರು. ಅಂದಿನಿಂದ ಅವನ ಹರಿಗೋಲಿಗೆ ಯಾರೂ ಕಾಲಿಡಲಿಲ್ಲ.

ಆಗ ಕೇರಿಯ ಹಿರಿಯಳೊಬ್ಬಳು ಸಾಂತವ್ವನ ಮನೆಗೆ ಬಂದು, ‘ಹೊಳೆಗೌರಿಯ ವ್ರತ ಮಾಡೇ ತಂಗಿ. ಗಂಡನನ್ನು ನಮ್ಮೆಲ್ಲರ ನಡುವೆ ದೀಪದ ಮುಂದೆ ಕೂರಿಸು. “ನನ್ನ ಕೈಲಿ ಆಗುತ್ತಿಲ್ಲ, ಕಾಪಾಡು ತಾಯಿ” ಎಂದು ಅವನೇ ಬಾಯಿಬಿಟ್ಟು ಹೇಳಲಿ’ ಎಂದಳು. ಸಾಂತವ್ವನಿಗೆ ಮಾನ ಹೋದಂತಾಯಿತು. ಊರಿಗೆ ಊರೇ ಕಂಡದ್ದನ್ನು ಮುಚ್ಚುವುದೇನಿತ್ತೋ, ಅಂತೂ ಅವಳು ಕದ ಹಾಕಿಕೊಂಡು, ಗಂಡನ ಪರವಾಗಿ ತಾನೊಬ್ಬಳೇ ಪೂಜೆ ಮಾಡಿ, ತಾನೇ ಸಂಕಲ್ಪ ಹೇಳಿ, ತಾನೇ ಪ್ರಸಾದ ತಿಂದು ಎದ್ದಳು. ತಾಯಿ ಸುಮ್ಮನೆ ನೋಡಿದಳು.

ಕೆಲವು ದಿನ ಕಳೆಯಲು ಜೋಳಿಗೆ ಹೊತ್ತ ಒಬ್ಬ ಮದ್ದು ಮಾರುವವನು ಬಂದು, ಒಂದು ಬೇರಿನ ಪುಡಿಯನ್ನು ಕೊಟ್ಟು, ‘ಸಾರಿನಲ್ಲಿ ಬೆರೆಸಿ ಹಾಕು, ಗಂಡನಿಗೆ ತಿಳಿಯಬಾರದು, ತಿಳಿದರೆ ಗುಣ ಹೋಗುತ್ತದೆ’ ಎಂದು ಹೇಳಿ ಹೊರಟುಹೋದನು. ಅವನು ಯಾವ ಊರಿನವನೋ ದೇವರಿಗೇ ಗೊತ್ತು, ಅವನ ಬಾಯಿಗೆ ಮಣ್ಣು ಬೀಳಲಿ! ಸಾಂತವ್ವ ಚಿಟಿಕೆ ಬೆರೆಸಿದಳು. ಗಂಡ ಕುಡಿದದ್ದನ್ನೆಲ್ಲ ಕಾರಿಕೊಂಡು, ಹೆಂಡದ ವಾಸನೆಗೇ ಹೇಸಿ, ಕುಡಿಯದೆ ಮಲಗಿದನು. ಅವಳು ಹಿಗ್ಗಿ ಹಿಡಿ ತುಂಬ ಬೆರೆಸಿದಳು.

ಈಗ ಕೇಳಿ. ದ್ಯಾಮಣ್ಣನ ಮೈಯೆಲ್ಲ ಬೆವತು, ಹಲ್ಲು ಕಟಕಟನೆ ಕಡಿಯಲು ಹತ್ತಿ, ಹಗಲು ಹೊತ್ತಿನಲ್ಲೇ ಅವನಿಗೆ ಏನೇನೋ ಕಾಣತೊಡಗಿತು. ಗೋಡೆಯ ತುಂಬ ಇರುವೆ ಹರಿದವು. ಹೊಳೆಯಲ್ಲಿ ಹಿಂದೆಂದೋ ಮುಳುಗಿ ಸತ್ತವರು ಒದ್ದೆ ಬಟ್ಟೆಯಲ್ಲಿ ಬಂದು ಅವನ ಹಾಸಿಗೆಯ ಸುತ್ತ ಕೂತರು. ಮೇಲಾಗಿ ಸಾರಿನ ಬಟ್ಟಲಿನ ತಳದಲ್ಲಿ ಕರಿಯ ಗಸಿ ಕಂಡು, ‘ಏನೇ, ನನಗೆ ಮದ್ದು ಹಾಕಿದ್ದೀಯಾ?’ ಎಂದು ಕಿರುಚಿದನು. ಸಾಂತವ್ವ ಹೆದರಿ, ‘ಹೊಳೆಗೌರಿಯ ಆಣೆ, ಏನೂ ಹಾಕಿಲ್ಲ’ ಎಂದುಬಿಟ್ಟಳು. ತಾಯಿಯ ಹೆಸರು ಹಿಡಿದು ಸುಳ್ಳಾಣೆ ಇಟ್ಟಳಲ್ಲಾ, ಎಂಥ ಹೆಣ್ಣಮ್ಮ! ಅವನು ಕೇರಿಯವರನ್ನು ಕೇಳಿದರೆ ಅವರೂ, ‘ನಿನ್ನ ಹೆಂಡತಿ ಬಂಗಾರದಂಥವಳು, ಕುಡಿದು ನಿನಗೇ ತಲೆ ಕೆಟ್ಟಿದೆ’ ಎಂದರು.

ಅಂದಿನಿಂದ ಅವನು ಅವಳ ಕೈಯ ಅನ್ನ ಮುಟ್ಟಲಿಲ್ಲ. ಹರಿಗೋಲಿನಲ್ಲೇ ಬಿದ್ದುಕೊಂಡು, ಅನ್ನಕ್ಕೆ ಬದಲು ಹೆಂಡವನ್ನೇ ಕುಡಿದು, ಎಲುಬು ಎಣಿಸುವಂತೆ ಸೊರಗಿದನು. ಸಾಂತವ್ವ ದಿನವೂ ಬುತ್ತಿ ಹಿಡಿದು ದಡಕ್ಕೆ ಹೋಗುವಳು, ಅವನು ಮುಖ ತಿರುಗಿಸುವನು. ಇಂದು ಉಸಿರಿದೆಯೋ ಇಲ್ಲವೋ ಎಂದು ದೂರದಿಂದ ಅವನ ಎದೆಯನ್ನೇ ನೋಡುತ್ತ ನಿಲ್ಲುವಳು. ಅವಳಿಗೂ ತುತ್ತು ಇಳಿಯಲಿಲ್ಲ.

ಒಂದು ಬೆಳಿಗ್ಗೆ ಹೋಗಿ ನೋಡಲು ಹರಿಗೋಲಿನ ಹಗ್ಗ ಬಿಚ್ಚಿತ್ತು. ಹೊಳೆ ಕೆಂಪಗೆ ತುಂಬಿ ಬಂದಿತ್ತು. ದ್ಯಾಮಣ್ಣ ಒಳಗೆ ಅಂಗಾತ ಬಿದ್ದಿದ್ದನು, ಹರಿಗೋಲು ತಿರುಗುತ್ತ ತಿರುಗುತ್ತ ಸುಳಿಯ ಕಡೆಗೆ ಸಾಗಿತ್ತು. ಸಾಂತವ್ವ ಎದೆ ಬಡಿದುಕೊಂಡು ನೀರಿಗೆ ಇಳಿಯಲು, ದಡದ ಬಂಡೆಯ ಮೇಲೆ ಕೂತಿದ್ದ ಒಬ್ಬ ಮುದುಕಿ ಅವಳ ಸೆರಗು ಹಿಡಿದಳು. ಹಣೆಯಲ್ಲಿ ಕಾಸಗಲ ಕುಂಕುಮ, ಕಾಲು ಮಾತ್ರ ಒದ್ದೆ. ಯಾರೆಂದು ನಿಮಗೆ ಗೊತ್ತಾಯಿತು, ಅವಳಿಗೆ ಗೊತ್ತಾಗಲಿಲ್ಲ.

‘ಅವನಿಗೆ ಏನು ಕೊಟ್ಟೆ?’ ಎಂದಳು ಮುದುಕಿ.

‘ಔಷಧಿ, ಅವ್ವಾ.’

‘ಹೇಳಿ ಕೊಟ್ಟೆಯಾ?’

ಸಾಂತವ್ವ ಸೆರಗು ಬಿಡಿಸಿಕೊಂಡು ಇನ್ನಷ್ಟು ನೀರಿಗೆ ಇಳಿದಳು.

‘ಕದ್ದು ಕೊಟ್ಟದ್ದನ್ನು ನಾನು ಯಾವ ದಾರಿಯಿಂದ ಅವನಿಗೆ ಮುಟ್ಟಿಸಲಿ? ಕೂಗು. ಈಗಲೇ ಕೂಗಿ ಹೇಳು.’

ಅಷ್ಟರಲ್ಲಿ ಕಡವಿನ ಜನರೆಲ್ಲ ಓಡಿ ಬಂದು ದಡದ ಮೇಲೆ ನಿಂತಿದ್ದರು. ಯಾರ ಕಣ್ಣಿಗೆ ಬೀಳಬಾರದೆಂದು ಕದ ಹಾಕಿಕೊಂಡಿದ್ದಳೋ ಅವರೆಲ್ಲ ಅಲ್ಲಿದ್ದರು. ಸಾಂತವ್ವ ಸೊಂಟದವರೆಗೆ ನೀರಿನಲ್ಲಿ ನಿಂತು, ‘ಹಾಕಿದೆ! ನಾನೇ ಸಾರಿನಲ್ಲಿ ಪುಡಿ ಹಾಕಿದೆ! ಸುಳ್ಳು ಆಣೆ ಇಟ್ಟೆ!’ ಎಂದು ಗಂಟಲು ಹರಿಯುವಂತೆ ಕೂಗಿದಳು.

ಹರಿಗೋಲಿನಿಂದ ತಲೆ ಮೇಲೆದ್ದಿತು. ‘ಹಾಗಾದರೆ ನನಗೆ ಹುಚ್ಚು ಹಿಡಿದಿಲ್ಲವೇ?’ ಎಂದು ದ್ಯಾಮಣ್ಣ ಕೇಳಿದನು.

‘ಇಲ್ಲ! ಬಟ್ಟಲಿನಲ್ಲಿ ನೀನು ಕಂಡದ್ದು ನಿಜ!’

ಅವನು ಗೊಳೋ ಎಂದು ಅತ್ತನು. ಅಳುತ್ತಲೇ ಹುಟ್ಟು ಹುಡುಕಿ, ನಡುಗುವ ಕೈಯಲ್ಲಿ ಹಿಡಿದು, ಸುಳಿಯ ಅಂಚಿನಿಂದ ಹರಿಗೋಲನ್ನು ಹೊರಳಿಸಿ ದಡಕ್ಕೆ ತಂದು ಬಿದ್ದನು. ತಿರುಗಿ ನೋಡಲು ಬಂಡೆಯ ಮೇಲೆ ಕುಂಕುಮವಿತ್ತು, ಮುದುಕಿ ಇರಲಿಲ್ಲ.

ಆಮೇಲೆ ವ್ರತವನ್ನು ಮಾಡಬೇಕಾದ ಹಾಗೆ ಮಾಡಿದರು. ದ್ಯಾಮಣ್ಣ ದೀಪದ ಮುಂದೆ ಕೂತು, ತನ್ನ ಬಾಯಿಂದಲೇ ಹೇಳಿಕೊಂಡನು. ಅದರ ಬೆನ್ನಿಗೇ ವೈದ್ಯರನ್ನು ಕರೆಸಿದರು. ಅವರು ನಾಡಿ ಹಿಡಿದು, ‘ಹಟದಿಂದ ಒಮ್ಮೆಲೇ ಬಿಡಿಸಿದರೆ ಪ್ರಾಣಕ್ಕೇ ಬರುತ್ತದೆ’ ಎಂದು ಬೈದು, ಕೊಡುವ ಔಷಧಿಯನ್ನು ಅವನ ಕೈಗೇ ಕೊಟ್ಟು, ನಡುಕ ಇಳಿಯುವ ತನಕ ಅಲ್ಲೇ ಉಳಿದರು. ವ್ರತ ಹಿಡಿದೆವೆಂದು ವೈದ್ಯರನ್ನು ಬಿಟ್ಟವರಿಗೆ ಫಲವಿಲ್ಲ, ಇದನ್ನು ಕಿವಿಗೆ ಹಾಕಿಕೊಳ್ಳಿ. ಕೇರಿಯವರು ಸರದಿಯ ಮೇಲೆ ಜೊತೆಗೆ ಕೂತರು. ಗಂಜಿ ಕುಡಿಸಿದರು, ಅಂಗಾಲಿಗೆ ಎಣ್ಣೆ ತಿಕ್ಕಿದರು, ಎಳೆಬಿಸಿಲಿನಲ್ಲಿ ದಡದುದ್ದಕ್ಕೂ ನಡೆಸಿದರು, ಉಸಿರು ಕಟ್ಟಿದಾಗ ಅಂಬಿಗರ ಹಾಡು ಹೇಳಿಸಿ ಉಸಿರು ಹದಕ್ಕೆ ತಂದರು. ಒದ್ದೆ ಬಟ್ಟೆಯವರು ಬಂದರೆಂದು ಅವನು ಚೀರಿದಾಗ ಯಾರೂ ನಗಲಿಲ್ಲ. ‘ನಾವೂ ಇಲ್ಲೇ ಇದ್ದೇವೆ’ ಎಂದು ಕೈ ಹಿಡಿದರು. ಮುಂದೆ ಒಮ್ಮೆ ಜಾರಿ ಕುಡಿದೂ ಬಂದನು. ಬಂದು ತಾನೇ ಹೇಳಿದನು, ಮತ್ತೆ ದೀಪದ ಮುಂದೆ ಕೂರಿಸಿದರು. ನಿಧಾನಕ್ಕೆ ಕೈಯ ನಡುಕ ನಿಂತಿತು, ಹರಿಗೋಲಿಗೆ ಜನ ಬಂದರು, ಮನೆಯಲ್ಲಿ ತೊಟ್ಟಿಲು ಆಡಿತು.

ಆದರೆ ಒಂದು ಮಾತು. ತಲೆ ನೆರೆತ ಮೇಲೂ ದ್ಯಾಮಣ್ಣ ತುತ್ತೆತ್ತುವ ಮುನ್ನ, ‘ಇದರಲ್ಲಿ ಏನೇನಿದೆ?’ ಎಂದು ಕೇಳುತ್ತಲೇ ಇದ್ದನು. ಹೆದರಿಕೆ ಅಷ್ಟು ಬೇಗ ಹೋಗುತ್ತದೆಯೇ? ಸಾಂತವ್ವ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ‘ಬೇಳೆ, ಹುಣಸೆ, ಮೆಣಸು, ಉಪ್ಪು, ಇಷ್ಟೇ’ ಎಂದು ಹೇಳುವಳು, ಅವನು ಉಣ್ಣುವನು. ಅದಕ್ಕೇ ಈ ವ್ರತದ ಊಟದಲ್ಲಿ ಬಡಿಸುವವರು ಪಾತ್ರೆಯಲ್ಲಿ ಇರುವುದನ್ನೆಲ್ಲ ಹೆಸರು ಹಿಡಿದು ಹೇಳಿಯೇ ಬಡಿಸಬೇಕು.

ಇದನ್ನು ಓದಿದವರ, ಓದಿಸಿ ಕೇಳಿದವರ, ನಡುಗುತ್ತ ಕೂತವರ ಮನೆಯಲ್ಲಿ ಹೊಳೆಗೌರಿ ನೆಲೆಸಲಿ. ಸಾಂತವ್ವ ದ್ಯಾಮಣ್ಣರಿಗೆ ಸಿಕ್ಕ ದಡ ಅವರಿಗೂ ಸಿಗಲಿ. ಎಲೆ ಹಾಕಿ, ಬಡಿಸುತ್ತೇನೆ. ಯಾರ ಮನೆಯಿಂದ ಯಾರು ಬಂದಿದ್ದೀರಿ, ಯಾಕೆ ಬಂದಿದ್ದೀರಿ, ನನಗೆ ಗೊತ್ತು. ಇದರಲ್ಲಿ ಏನೇನಿದೆ ಎಂದು ಅಂಜದೆ ಕೇಳಿ, ಎಷ್ಟು ಸಲ ಕೇಳಿದರೂ ಹೇಳುತ್ತೇನೆ.