ಎಂಟು ಗಂಟಿನ ಹುರಿ

"ಕೈ ಬಿಡಿ, ನನ್ನದು ತಣ್ಣಗೈತೆ. ನಿಮಗೂ ಚಳಿ ಹತ್ತುತ್ತೆ."

ನನ್ನ ಹೆಂಡತಿ ಬೋರಮ್ಮ ಕಡೆಗೆ ಆಡಿದ ಮಾತು ಇದು. ಆಸ್ಪತ್ರೆಯಲ್ಲಿ ಆಡಿದಳು. ಒಂದು ತಿಂಗಳಾದ ಮೇಲೆ ಮಠಕ್ಕೆ ಹೋಗಿ ಗುರುಗಳನ್ನು ಕೇಳಿದೆ.

"ಬುದ್ಧಿ, ನಾನು ಹಿಡಿದೇ ಇದ್ದೆ. ಆದರೂ ಕೈ ತಣ್ಣಗಾಯಿತು. ಪ್ರಾಣ ಹೋಗುವ ಮೊದಲೇ ನನ್ನನ್ನು ಬಿಟ್ಟಳಾ?"

"ಡಾಕ್ಟರು ಏನಂದರು?"

"ಒಳಗೆ ರಕ್ತ ಸೋರಿತು ಅಂದರು. ಆಗ ಮೈಯಲ್ಲಿ ಪೆಪ್ಟೈಡ್ ಅಂತ ಒಂದು ಹುಟ್ಟುತ್ತದಂತೆ. ಎಂಟು ಮಣಿ ಪೋಣಿಸಿದ ಹಾಗೆ ಇರುತ್ತದಂತೆ. ಅದು ಬಂದು ಮುಟ್ಟಿದರೆ ಕೈಕಾಲಿನ ರಕ್ತನಾಳ ಬಿಗಿಯುತ್ತದಂತೆ. ನನಗೆ ತಿಳಿಯಲಿಲ್ಲ."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನ ಕೆರೆ ಏರಿ ಬಿರುಕುಬಿಟ್ಟಿತು. ನೀರು ಹೊರಗೆ ಹೋಗತೊಡಗಿತು. ಕೆರೆಯ ನೀರು ಹಂಚುವವನು ನೀರುಗಂಟಿ. ಅವನು ಗಂಟು ಹಾಕಿದ ಉದ್ದನೆಯ ಹುರಿಯೊಂದನ್ನು ಕಾಲುವೆಯಲ್ಲಿ ತೇಲಿಬಿಟ್ಟ. ಕಾಲುವೆ ಕಾಯುವವರಲ್ಲಿ ಮೊದಲನೆಯವನು ಕೆರೆ ಇಳಿದದ್ದನ್ನು ತಾನೂ ನೋಡಿ, ಹತ್ತು ಗಂಟು ಉಳಿಸಿ ಮಿಕ್ಕದ್ದನ್ನು ಕೊಯ್ದು ಹುರಿಯನ್ನು ಮುಂದೆ ಬಿಟ್ಟ. ಎರಡನೆಯವನು ಇನ್ನೆರಡು ಗಂಟು ಕೊಯ್ದ. ಎಂಟು ಗಂಟಿನ ಹುರಿ ಯಾರ ಕೈಗೆ ಬಂದರೂ ಅವನು ತನ್ನ ಕಾಲುವೆಯ ಬಾಯಿಗೆ ಕಲ್ಲು ಒಟ್ಟಿ ಕಿರಿದು ಮಾಡಬೇಕು. ಏಕೆಂದು ಕೇಳುವ ಹಾಗಿಲ್ಲ. ಅದು ಆ ಊರಿನ ಕಟ್ಟಳೆ.

ಸುತ್ತಿನ ಕಾಲುವೆಗಳೆಲ್ಲ ಬಿಗಿದವು. ಉಳಿದ ನೀರು ಊರ ನಡುವಿನ ಕುಡಿಯುವ ಬಾವಿಯ ಕಡೆ ತಿರುಗಿತು.

ಕಟ್ಟಕಡೆಯ ಗದ್ದೆಯ ರೈತ ಓಡಿಬಂದ. "ಏನೋ ನೀರುಗಂಟಿ, ನನ್ನ ಗದ್ದೆ ಏನು ಮಲತಾಯಿ ಮಗನಾ? ಯಾವ ಸಿಟ್ಟು ತೀರಿಸಿಕೊಳ್ಳುತ್ತಿದ್ದೀಯ?"

"ಸಿಟ್ಟೆಲ್ಲಿ ಬಂತು ಮಾರಾಯ. ಪಕ್ಕದ ಗದ್ದೆ ನನ್ನದೇ. ಅದೂ ಒಣಗಿದೆ, ನೋಡಿಕೊಂಡು ಬಾ."

"ಹೀಗೆ ಬಿಗಿದರೆ ಏರಿ ಕೂಡಿಕೊಳ್ಳುತ್ತದಾ?"

"ಇಲ್ಲ. ಏರಿ ಕಟ್ಟುವವರು ಬರುವ ತನಕ ಬಾವಿ ಬತ್ತಬಾರದು, ಅಷ್ಟೆ."

ರೈತ ಗದ್ದೆಗೆ ಹಿಂದಿರುಗಿದ. ತನ್ನ ಕಾಲುವೆಗೆ ತಾನೇ ಇನ್ನೊಂದು ಕಲ್ಲು ಇಟ್ಟ.

ಗುರುಗಳು ನಿಲ್ಲಿಸಿದರು. ನನಗೆ ತಡೆಯಲಾಗಲಿಲ್ಲ.

"ಕಟ್ಟುವವರು ಬಂದರಾ ಬುದ್ಧಿ?"

"ಬರುವುದು ತಡವಾಯಿತಪ್ಪ."

ನಾನು ನೆಲ ನೋಡುತ್ತ ಕುಳಿತೆ. ಆಗ ಅವರು ಅಂದರು:

"ಅವಳ ಕೈ ತಣ್ಣಗಿದ್ದಷ್ಟು ಹೊತ್ತೂ ಅವಳು ನಿನ್ನ ಹತ್ತಿರ ಉಳಿಯಲು ನೋಡುತ್ತಿದ್ದಳು."

ಕಾಲಿಗೆ ಬಿದ್ದು ಎದ್ದು ಬಂದೆ.

ಮರುದಿನ ಬೆಳಿಗ್ಗೆ, ತಿಂಗಳಿಂದ ಮುಟ್ಟದೆ ಇಟ್ಟಿದ್ದ ಅವಳ ಹಾಸಿಗೆಯ ಹೊಲಿಗೆ ಬಿಚ್ಚಿ, ಹತ್ತಿಯನ್ನು ಅಂಗಳದ ಬಿಸಿಲಿಗೆ ಹರವಿದೆ.