ಕಾಡಿಗೆ ಕೇಳಿದ ಪಾಲು

ಹಳೆಯ ಕಾರುಗಳು ಊರೂರಿನಿಂದ ಕೂಡಿ ಮಾತಾಡಿಕೊಳ್ಳುತ್ತಿದ್ದ ಜಾಲತಾಣವೊಂದಿತ್ತು. ಅಲ್ಲಿ ಕಾಡಿಗೆ ಎಂಬ ಕಪ್ಪು ಕಾರಿಗೆ ನವಿಲು ಎಂಬ ನೀಲಿ ಜೀಪನ್ನು ಕಂಡರೆ ಆಗುತ್ತಿರಲಿಲ್ಲ. ನವಿಲು ಫೋಟೊ ಹಾಕಿದಾಗಲೆಲ್ಲ ಮಿಕ್ಕವರು ಹೊಗಳುತ್ತಿದ್ದರು. ಕಾಡಿಗೆ ಮಾತ್ರ ಹೊಟ್ಟೆಯುರಿಯಿಂದ, ಬಾಗಿಲು ಓರೆಯಾಗಿದೆ, ಬಂಪರಿಗೆ ತುಕ್ಕು ಹಿಡಿದಿದೆ ಎಂದು ಕೊಂಕು ತೆಗೆಯುತ್ತಿತ್ತು.

ತಾಣವನ್ನು ಮುಚ್ಚುವ ದಿನ ಬಂತು. ಎಲ್ಲರೂ ಮುಗಿಬಿದ್ದು ನವಿಲಿಗೆ ವಿದಾಯ ಹೇಳಿದರು. ತನ್ನನ್ನು ಯಾರೂ ಕೇಳಲಿಲ್ಲವೆಂದು ಕಾಡಿಗೆ ಒಳಗೊಳಗೇ ಬೇಯುತ್ತಿರಲು, ನವಿಲೇ ಅದನ್ನು ಮಾತಾಡಿಸಿತು.

"ಅಣ್ಣ, ನಿಮ್ಮ ಊರು ಯಾವುದು? ಸಂಜೆಯ ಮೇಲೆ ಇಲ್ಲಿ ಯಾರೂ ಸಿಗುವುದಿಲ್ಲ."

"ಹೊಗಳುವವರ ಊರು ಕೇಳಿಕೋ. ನನ್ನದೇಕೆ?"

"ಹೊಗಳಿದವರಿಂದ ಸಂತೋಷವಾಯಿತು, ಅಷ್ಟೇ. ನೀವು ಬಾಗಿಲು ಓರೆ ಎಂದಿರಿ, ಸರಿಮಾಡಿಸಿಕೊಂಡೆ. ತುಕ್ಕು ಎಂದಿರಿ, ಉಜ್ಜಿಸಿಕೊಂಡೆ. ಗುಜರಿಗೆ ಹೋಗಬೇಕಿದ್ದವನು ಇಂದು ರಸ್ತೆಯ ಮೇಲಿದ್ದೇನೆ. ನಾಳೆಯಿಂದ ನನ್ನ ಕೊರತೆ ಹೇಳುವವರು ಯಾರು? ಬೇಗ ಊರು ಹೇಳಿ, ನಾನೇ ಬಂದು ಕಾಣುತ್ತೇನೆ."

ಇಷ್ಟು ಅಕ್ಕರೆಯಿಂದ ಕಾಡಿಗೆಯನ್ನು ಯಾರೂ ಮಾತಾಡಿಸಿರಲಿಲ್ಲ. ಒಂದು ಗಳಿಗೆ ಅದರ ಎದೆ ಕರಗಿತು. ಮರುಗಳಿಗೆಯೇ ಹಳೆಯ ಉರಿ ಎದ್ದಿತು.

"ಹಾಗಾದರೆ ನಿನಗೆ ಬಂದ ಹೊಗಳಿಕೆಯಲ್ಲಿ ಅರ್ಧ ನನ್ನದು. ಮೊದಲು ಅದನ್ನು ಎಲ್ಲರ ಮುಂದೆ ಒಪ್ಪಿಕೋ."

ನವಿಲು ಕೂಡಲೇ ಒಪ್ಪಿಕೊಂಡಿತು. ಎಲ್ಲರೂ ಕಾಡಿಗೆಯನ್ನು ಹೊಗಳತೊಡಗಿದರು. ಆ ಹೊಗಳಿಕೆಗಳನ್ನು ಕಾಡಿಗೆ ಒಂದೊಂದಾಗಿ ಸವಿಯುತ್ತ ಓದುತ್ತಿರುವಾಗಲೇ ತಾಣ ಮುಚ್ಚಿಹೋಯಿತು. ತನ್ನ ಊರಿನ ಹೆಸರನ್ನು ಅದು ಇನ್ನೂ ಹೇಳಿರಲಿಲ್ಲ.